ಬೀದಿಯಲ್ಲಿ ಸಿಗದ ಊಟ: ಕಕ್ಕಡದ ಮಳೆಯಲ್ಲಿ ಕೊಡಗು

ಆಗಸ್ಟ್ 1, ಶುಕ್ರವಾರ

ಮೈಸೂರಿನಿಂದ ಹೊರಟ ಬಸ್ಸು ಹುಣಸೂರು ದಾಟುವವರೆಗೂ ಬಿಸಿಲಿತ್ತು. ಕುಶಾಲನಗರದ ಸೇತುವೆಯ ಕೆಳಗೆ ಕಾವೇರಿ ಕೆಂಪಗೆ, ದಡಕ್ಕೆ ದಡ ಹರಿಯುತ್ತಿದ್ದಳು. ಸುಂಟಿಕೊಪ್ಪ ಬರುವಷ್ಟರಲ್ಲಿ ಕಿಟಕಿಯ ಗಾಜುಗಳನ್ನೆಲ್ಲ ಎಳೆದುಕೊಂಡು ಕೂತಿದ್ದೆವು. ಮಡಿಕೇರಿಯಲ್ಲಿ ಇಳಿದಾಗ ಎದುರಿನ ಅಂಗಡಿಯ ಬೋರ್ಡೂ ಕಾಣದಂಥ ಮಂಜು.

ಜೊತೆಗಿದ್ದವನು ನನ್ನ ತಮ್ಮನ ಮಗ. ಬೆಂಗಳೂರಿನಲ್ಲಿ ಕೆಲಸ. ರಜೆ ಸಿಕ್ಕಿತೆಂದರೆ ಊರೂರು ಸುತ್ತಿ ಅಲ್ಲಿನ ಬೀದಿ ತಿಂಡಿಗಳ ವಿಡಿಯೋ ಮಾಡುತ್ತಾನೆ. ಹೋದ ವರ್ಷ ಬ್ಯಾಂಕಾಕಿಗೆ ಹೋಗಿ ಖಾವೋಸಾನ್ ರಸ್ತೆಯಲ್ಲಿ ಕಡ್ಡಿಗೆ ಚುಚ್ಚಿ ಕರಿದ ಚೇಳು ತಿಂದು ಬಂದಿದ್ದ. ಅವನ ವಿಡಿಯೋಗಳಲ್ಲೆಲ್ಲ ಹೆಚ್ಚು ಜನ ನೋಡಿದ್ದು ಅದನ್ನೇ. "ಅತ್ತೆ, ಕೊಡಗಿನಲ್ಲೂ ಅಂಥದ್ದೊಂದು ಸಿಕ್ಕೇ ಸಿಗುತ್ತೆ ನೋಡ್ತಿರಿ" ಎಂದು ಬಸ್ಸಿನುದ್ದಕ್ಕೂ ಹೇಳುತ್ತಲೇ ಬಂದ. ನನ್ನ ಆಸೆ ಬೇರೆ ಇತ್ತು. ಕೊಡಗಿನವರೊಬ್ಬರು ನನ್ನ ಜೊತೆ ಹಲವು ವರ್ಷ ಕೆಲಸ ಮಾಡಿದ್ದರು. ಊಟದ ಹೊತ್ತಿಗೆ ಡಬ್ಬಿ ತೆರೆದಾಗಲೆಲ್ಲ "ಕಕ್ಕಡದಲ್ಲಿ ನಮ್ಮೂರಿಗೆ ಬರಬೇಕು ನೀವು" ಎನ್ನುತ್ತಿದ್ದರು. ಮಳೆಯಲ್ಲಿ ಯಾಕೆ ಎಂದರೆ "ತಿನ್ನಲಿಕ್ಕೆ" ಎನ್ನುತ್ತಿದ್ದರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು ಕೊಡವರಿಗೆ ಕಕ್ಕಡ. ಅವರ ನಾದಿನಿಯ ಹೋಮ್‌ಸ್ಟೇಯಲ್ಲೇ ನಾವು ಉಳಿಯುವುದೆಂದು ಗೊತ್ತಾಗಿತ್ತು, ನಾಪೋಕ್ಲಿನ ಆಚೆ, ಕಾಫಿ ತೋಟದೊಳಗೆ.

ಶುಕ್ರವಾರ ಮಡಿಕೇರಿಯ ಸಂತೆ. ನೀಲಿ ಟಾರ್ಪಾಲುಗಳ ಕೆಳಗೆ ಮಾಮೂಲಿ ಟೊಮೆಟೊ, ಈರುಳ್ಳಿ, ಕೋಸು. ನನ್ನ ಕಣ್ಣು ಹೋದದ್ದು ಸಂತೆಯ ಅಂಚಿಗೆ. ಅಲ್ಲಿ ಗೋಣಿಚೀಲ ಹಾಸಿ, ಮೊಣಕಾಲಿಗೆ ಕೊಡೆ ಆನಿಸಿಕೊಂಡು ಕೂತಿದ್ದ ನಾಲ್ಕೈದು ಹೆಂಗಸರು. ಅವರ ಮುಂದಿದ್ದದ್ದು ತರಕಾರಿ ಮಂಡಿಯಿಂದ ಬಂದ ಸರಕಲ್ಲ. ತುದಿ ಸುರುಳಿ ಸುತ್ತಿಕೊಂಡಿದ್ದ ತೆರ್ಮೆ ಸೊಪ್ಪಿನ (ಜರಿಗಿಡದ ಎಳೆ ಚಿಗುರು) ಕಟ್ಟುಗಳು, ಕೆಸುವಿನ ಎಲೆ, ಬಾಳೆ ಎಲೆಯಲ್ಲಿ ಸುತ್ತಿಟ್ಟ ಅಣಬೆ, ಬಕೆಟ್ಟಿನ ನೀರಿನಲ್ಲಿ ಹೆಚ್ಚಿ ಹಾಕಿದ ಕಣಿಲೆ. ಪಕ್ಕದಲ್ಲಿ ಸಿಪ್ಪೆ ಸುಲಿಯದ ಇಡೀ ಕಣಿಲೆಗಳೂ ಇದ್ದವು, ಮೊಳದುದ್ದದ, ಎಮ್ಮೆ ಕೊಂಬಿನ ಆಕಾರದವು. ಎಳೆ ಬಿದಿರನ್ನು ಕನ್ನಡದಲ್ಲಿ ಕಳಲೆ ಅಂತಲೂ ಹೇಳುತ್ತೇವೆ. ಕೊಡವರಿಗೆ ಅದು ಬೈಂಬಳೆ.

ನಮ್ಮ ಹುಡುಗ ಫೋನು ಹಿಡಿದು ಬಕೆಟ್ಟಿನ ಮೇಲೆ ಬಾಗಿದ. ಕಣಿಲೆಯ ಹುಳಿವಾಸನೆಗೆ ಮೂಗು ಮುರಿದು, ಕ್ಯಾಮೆರಾ ಕಡೆ ತಿರುಗಿ ಕಣ್ಣರಳಿಸಿದ. ಮಾರುತ್ತಿದ್ದ ಅಜ್ಜಿ "ತಗೊಳ್ತೀರಾ?" ಎಂದು ಕೇಳಿದರು.

"ಇಲ್ಲಮ್ಮ, ವಿಡಿಯೋ ಅಷ್ಟೆ."

ಅಜ್ಜಿ ಏನೂ ಅನ್ನಲಿಲ್ಲ. ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಆ ಕೊಡೆಯ ಕಡ್ಡಿಯೊಂದು ಮುರಿದು ಬಟ್ಟೆಯಿಂದ ಹೊರಗೆ ಬಂದಿತ್ತು, ಅದರ ತುದಿಯಿಂದ ನೀರು ಅಜ್ಜಿಯ ಹೆಗಲಿಗೇ ತೊಟ್ಟಿಕ್ಕುತ್ತಿತ್ತು. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು. ಎರಡು ಇಡೀ ಕಣಿಲೆ, ಒಂದು ಕಟ್ಟು ತೆರ್ಮೆ ಸೊಪ್ಪು ಕೊಂಡೆ. ಮಳೆಯಲ್ಲಿ ಬೆಳಗಿನಿಂದ ಕೂತ ಆ ಹೆಂಗಸಿನ ಸರಕು ನೋಡಿ ಮುಖ ಕಿವುಚಿದ್ದಕ್ಕೆ ಕೊಂಡುಕೊಳ್ಳುವುದರಿಂದ ಸಮಾಧಾನವಾಗುತ್ತದೆ ಅಂತಲ್ಲ. ಆದರೂ ಬರಿಗೈಯಲ್ಲಿ ಹೊರಡಲು ಆಗಲಿಲ್ಲ.

ದಾರಿಯಲ್ಲಿ ಅವನೇ ಹೇಳಿದ: ಖಾವೋಸಾನಿನ ಚೇಳಿನ ಗಾಡಿಗಳ ಮೇಲೆ, ಬರೀ ಫೋಟೋ ತೆಗೆದುಕೊಳ್ಳುವವರು 10 ಬಾತ್ ಕೊಡಬೇಕು ಎಂದು ಬರೆದು ತೂಗುಹಾಕಿದ್ದರಂತೆ. "ಎಂಥ ದುರಾಸೆ ಅಂತ ಆಗ ಬೈದಿದ್ದೆ ಅತ್ತೆ." ನನಗದು ದುರಾಸೆ ಅನ್ನಿಸಲಿಲ್ಲ. ಥಾಯ್ಲೆಂಡಿನ ಈಶಾನ್ಯ ಭಾಗದವರು ಜೀರುಂಡೆ, ರೇಷ್ಮೆ ಗೂಡಿನ ಹುಳು, ಇರುವೆ ಮೊಟ್ಟೆಗಳನ್ನು ನಾವು ಕಡಲೆಕಾಯಿ ತಿಂದಷ್ಟೇ ಸಹಜವಾಗಿ ತಿನ್ನುತ್ತಾರೆ. ಕಡ್ಡಿಗೆ ಚುಚ್ಚಿದ ಚೇಳು ಮಾತ್ರ ಹೆಚ್ಚಾಗಿ ಪ್ರವಾಸಿಗರಿಗೆಂದೇ ಹುಟ್ಟಿದ ಸರಕು. ಬಂದವರು ತಿನ್ನುವುದಕ್ಕಿಂತ ಹೆಚ್ಚಾಗಿ ಹೆದರಲು ಬರುತ್ತಾರೆ ಎಂದು ಗೊತ್ತಾದ ಮೇಲೆ, ಮಾರುವವರು ಹೆದರಿಕೆಗೇ ಬೆಲೆ ಕಟ್ಟಿದ್ದಾರೆ. ನಮ್ಮ ಸಂತೆಯ ಅಜ್ಜಿಗೆ ಅಂಥ ಬೋರ್ಡೂ ಇಲ್ಲ.

ಸಂಜೆ ರಾಜಾಸೀಟಿನ ಹತ್ತಿರ ಕೊಡಗಿನ ಬೀದಿ ತಿಂಡಿ ಹುಡುಕಿದೆವು. ಗೋಬಿ ಮಂಚೂರಿ, ಮ್ಯಾಗಿ, ಬೇಯಿಸಿದ ಜೋಳ, ಚುರುಮುರಿ, ಆಮ್ಲೆಟ್, ಮೊಮೊ. ನಮ್ಮ ದಾವಣಗೆರೆಯಲ್ಲೂ ಇವೇ, ಬೆಂಗಳೂರಿನಲ್ಲೂ ಇವೇ. ಗೋಬಿಗೆ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿದ ಮೇಲೆ ಅದೂ ಕಂದುಗಪ್ಪಾಗಿದೆ. ಸಾಲು ಸಾಲು ಅಂಗಡಿಗಳಲ್ಲಿ ಹೋಮ್‌ಮೇಡ್ ಚಾಕೊಲೇಟು, ಹೋಮ್‌ಮೇಡ್ ವೈನು. ಅಕ್ಕಿ ತರಿಯ ಉಂಡೆ ಕಡಂಬುಟ್ಟೂ ಇಲ್ಲ, ಅಕ್ಕಿ ಶಾವಿಗೆ ನೂಪುಟ್ಟೂ ಇಲ್ಲ. ಹುಡುಗನಿಗೆ ಬೇಸರ. ನನಗೆ ಮಾತ್ರ ಅಲ್ಲಿ ನಿಂತಾಗಲೇ ಒಂದು ವಿಷಯ ಹೊಳೆಯಿತು. ದಾವಣಗೆರೆಯ ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿ ಪೇಟೆಯಲ್ಲಿ ಹುಟ್ಟಿ ಬೆಳೆದವು. ಮಿಲ್ಲಿಗೆ ಹೋಗುವವರು, ಮಾರುಕಟ್ಟೆಗೆ ಬಂದವರು ನಿಂತು ತಿನ್ನುವ ಊಟ ಅದು. ಕೊಡಗಿನ ಮನೆಗಳು ತೋಟ ಗದ್ದೆಗಳ ನಡುವೆ ಒಂದಕ್ಕೊಂದು ದೂರ ದೂರ. ಅಲ್ಲಿನ ಅಡುಗೆ ಬೀದಿಗೆ ಬಂದದ್ದೇ ಕಡಿಮೆ. ಬೀದಿಯಲ್ಲಿ ಹುಡುಕಿದ ನಾವೇ ದಾರಿ ತಪ್ಪಿದ್ದೆವು.

ಆಗಸ್ಟ್ 2, ಶನಿವಾರ

ಬೆಳಿಗ್ಗೆ ಹೋಮ್‌ಸ್ಟೇಗೆ ಹೊರಡುವ ಮೊದಲು ಮಡಿಕೇರಿಯ ಕೋಟೆ ನೋಡಿದೆವು, ಓಂಕಾರೇಶ್ವರ ದೇವಸ್ಥಾನಕ್ಕೆ ಹೋದೆವು. 1820ರಲ್ಲಿ ಲಿಂಗರಾಜ ಕಟ್ಟಿಸಿದ ಗುಡಿ. ಗೋಪುರದ ಬದಲು ಗುಮ್ಮಟ, ಮುಂದೆ ಕೊಳ. ಮಳೆಯಲ್ಲಿ ಹತ್ತು ನಿಮಿಷವೂ ನಿಲ್ಲಲಾಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ರಸ್ತೆ ಬದಿಯ ಹೋಟೆಲೊಂದಕ್ಕೆ ಹೊಕ್ಕೆವು. "ಅಪ್ಪಟ ಕೂರ್ಗ್ ಊಟ" ಎಂದು ದೊಡ್ಡದಾಗಿ ಬರೆದಿತ್ತು. ಪಂದಿಕರಿ (ಹಂದಿ ಮಾಂಸದ ಸಾರು) ಎಂದು ತಂದಿಟ್ಟದ್ದು ಕೆಂಪಗಿತ್ತು, ಟೊಮೆಟೊ ತೇಲುತ್ತಿತ್ತು. ಹುಳಿ ನಾಲಿಗೆಯನ್ನು ಕೊರೆಯಿತು, ಬಾಟಲಿಯ ವಿನೆಗರಿನ ಹುಳಿ ಅದು. ಬಡಿಸುವ ಹುಡುಗ ಬಗ್ಗಿ, ದನಿ ತಗ್ಗಿಸಿ, "ಕಾಡಿನ ಮಾಲೂ ಇದೆ ಸಾರ್, ರೇಟು ಬೇರೆ" ಎಂದ. ನಮ್ಮ ಹುಡುಗನ ಮುಖ ಅರಳಿತು. ನಾನು ಅವನ ಕೈ ಹಿಡಿದು "ಬೇಡ" ಎಂದೆ. ಅಲ್ಲೇ ಸಣ್ಣ ಜಗಳವೂ ಆಯಿತು. ಕಾಡುಹಂದಿಯನ್ನು ಬೇಟೆಯಾಡುವುದು, ಅದರ ಮಾಂಸ ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ಹುಡುಗ ಹೇಳಿದ್ದು ನಿಜವೋ, ಸಾಕಿದ ಹಂದಿಗೇ ಕಾಡಿನ ಹೆಸರಿಟ್ಟು ಹೆಚ್ಚು ದುಡ್ಡು ಕೇಳುವ ಉಪಾಯವೋ, ಎರಡರಲ್ಲಿ ಯಾವುದಾದರೂ ಕೆಟ್ಟದ್ದೇ. ನಾವು ಹೊರಗಿನವರು ಕೇಳಿ ಕೇಳಿ ಹುಟ್ಟಿಸಿದ ವ್ಯಾಪಾರ ಇದು. ಅದಕ್ಕೇ ನನಗೆ ಸಿಟ್ಟು ಬಂದದ್ದು.

ಮೂರು ಗಂಟೆಗೆ ತೋಟದ ಮನೆ ಮುಟ್ಟಿದೆವು. ಹೆಂಚಿನ ಮನೆ, ಉದ್ದನೆಯ ಜಗಲಿ. ಮನೆಯ ಅಕ್ಕನಿಗೆ ಅರವತ್ತು ದಾಟಿದೆ. ಬಿಸಿ ಬೆಲ್ಲದ ಕಾಫಿ ಕೊಟ್ಟು, ನನ್ನ ಚೀಲದಿಂದ ಇಣುಕುತ್ತಿದ್ದ ಕಣಿಲೆ ನೋಡಿ "ಇದನ್ನು ಏನು ಮಾಡಬೇಕು ಅಂತ ತಂದಿರಿ?" ಎಂದು ಕೇಳಿದರು. ಗೊತ್ತಿಲ್ಲ, ನೀವೇ ಕಲಿಸಿ ಎಂದೆ. ಕತ್ತಿ ತಂದು ಅಲ್ಲೇ ಕೂತರು.

ಆ ಒಂದು ಗಂಟೆಯನ್ನು ನಾನು ಮರೆಯಲಾರೆ. ಮೊದಲು ಕೈಗೆ ಎಣ್ಣೆ ಹಚ್ಚಿಸಿದರು. ಹೊರ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗೂದಲಿರುತ್ತದೆ, ಚುಚ್ಚಿಕೊಂಡರೆ ತುರಿಕೆ. ಒಂದರ ಮೇಲೊಂದು ಹೊದ್ದ ಸಿಪ್ಪೆಗಳನ್ನು ಉದ್ದಕ್ಕೆ ಸೀಳಿ ತೆಗೆಯುತ್ತಾ ಹೋದ ಹಾಗೆ ಮೊಳದುದ್ದದ ಕೊಂಬು ಗೇಣಷ್ಟಾಯಿತು. ಒಳಗೆ ದಂತದ ಬಣ್ಣದ ತಿರುಳು. ಉಗುರು ಇಳಿದಷ್ಟು ಎಳೆಯದನ್ನು ಮಾತ್ರ ಉಳಿಸಿ ಬುಡದ ಗಟ್ಟಿ ಭಾಗವನ್ನು ದನದ ಬಾನಿಗೆ ಎಸೆದರು. ತೆಳ್ಳಗೆ ಬಿಲ್ಲೆ ಹೆಚ್ಚಿದಾಗ ನಡುವೆ ಗಂಟು ಗಂಟಿಗೂ ಸಣ್ಣ ಕೋಣೆಗಳು, ಬಿದಿರು ಆಗಬೇಕಿದ್ದ ಬಿದಿರಿನ ನಕ್ಷೆ ಒಳಗೇ ಇತ್ತು.

"ಇವತ್ತೇ ತಿನ್ನಬಹುದಾ ಆಂಟಿ?" ನಮ್ಮ ಹುಡುಗ ಫೋನು ಎತ್ತಿದ್ದ.

"ಇವತ್ತು ತಿಂದರೆ ಆಸ್ಪತ್ರೆಗೆ ಹೋಗಬೇಕಾಗ್ತದೆ. ಮೂರು ದಿನ ನೀರಲ್ಲಿ ಇರಬೇಕು. ದಿನಾ ನೀರು ಚೆಲ್ಲಿ ಹೊಸ ನೀರು ಹಾಕಬೇಕು."

ಹಸಿ ಕಣಿಲೆಯೊಳಗೆ ಸಯನೈಡ್ ಬಿಡುವ ಅಂಶವಿದೆ. ನೆನೆಸಿ, ನೀರು ಬದಲಿಸಿ, ಚೆನ್ನಾಗಿ ಬೇಯಿಸಿದರೆ ಅದು ಹೋಗುತ್ತದೆ. ಆ ರಾಸಾಯನಿಕದ ಹೆಸರು ಗೊತ್ತಿಲ್ಲದ ಕಾಲದಲ್ಲೇ ಈ ಮನೆಗಳ ಹೆಂಗಸರು ಮೂರು ದಿನದ ಲೆಕ್ಕ ಕಂಡುಕೊಂಡಿದ್ದರು. ಸಂತೆಯಲ್ಲಿ ಹುಡುಗ ಮೂಗು ಮುರಿದನಲ್ಲ, ಆ ಹುಳಿವಾಸನೆ ಕೊಳೆತದ್ದರದ್ದಲ್ಲ. ಯಾರೋ ಎರಡು ದಿನ ಮೊದಲೇ ಹೆಚ್ಚಿ, ನೆನೆಹಾಕಿ, ನಮ್ಮ ಪಾಲಿನ ಕೆಲಸವನ್ನು ತಾವೇ ಮಾಡಿ ಮುಗಿಸಿದ್ದ ವಾಸನೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ಜೇಬಿಗಿಟ್ಟ. ಆಮೇಲೆ ಎರಡನೆಯ ಕಣಿಲೆ ಅವನೇ ಸುಲಿದ.

ಜಗಲಿಯ ಮೂಲೆಯಲ್ಲಿ ಬುಟ್ಟಿಯೊಂದು ಮಡಕೆಯ ಮೇಲೆ ಕೂತಿತ್ತು. ಬುಟ್ಟಿಯ ತುಂಬ ಹಳದಿ ಹಣ್ಣು, ಸಣ್ಣ ಕುಂಬಳಕಾಯಿಯ ಹಾಗೆ ಉದ್ದುದ್ದ ಗೆರೆ ಬಿದ್ದವು. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನು ಹೆಕ್ಕಿ ತಂದು ಹೀಗೆ ಇಟ್ಟರೆ ರಸ ತಾನಾಗಿ ತೊಟ್ಟಿಕ್ಕುತ್ತದೆ. ಅದನ್ನು ಒಲೆಯ ಮೇಲೆ ಕಪ್ಪಗೆ, ಜೋನಿಬೆಲ್ಲದ ಹಾಗೆ ಆಗುವವರೆಗೆ ಕುದಿಸಿದರೆ ಕಾಚಂಪುಳಿ. ಹೋದ ವರ್ಷದ ಬಾಟಲಿಯಿಂದ ಅಂಗೈಗೆ ಒಂದು ಹನಿ ಹಾಕಿದರು. ಮೊದಲು ಹುಳಿ, ಆಮೇಲೆ ಹೊಗೆಯ ವಾಸನೆ, ಕೊನೆಗೆ ಸಣ್ಣಗೆ ಒಗರು. ಮಧ್ಯಾಹ್ನದ ಹೋಟೆಲಿನಲ್ಲಿ ಏನು ಇರಲಿಲ್ಲ ಎಂಬುದು ಆ ಒಂದು ಹನಿಯಲ್ಲಿ ಗೊತ್ತಾಯಿತು.

ರಾತ್ರಿ ಊಟಕ್ಕೆ ಪಂದಿಕರಿ, ಕಡಂಬುಟ್ಟು. ನಮ್ಮ ಮನೆಯಲ್ಲಿ ಕುರಿ ಕೋಳಿ ನಡೆಯುತ್ತದೆ, ಹಂದಿ ಹೊಸಿಲು ದಾಟಿದ್ದಿಲ್ಲ. ಬೇಡ ಅನ್ನಬಹುದಿತ್ತು, ಅಕ್ಕನೇ ಕೋಳಿ ಸಾರೂ ಇದೆ ಎಂದಿದ್ದರು. ತಿಂದೆ. ಚರ್ಮ, ಕೊಬ್ಬು ಸಮೇತ ಬೆಂದ ತುಂಡು, ಹುರಿದು ಕಪ್ಪಾದ ಮಸಾಲೆ, ಕರಿಮೆಣಸು, ಕೊನೆಗೆ ಬಿದ್ದ ಕಾಚಂಪುಳಿ. ಅಕ್ಕಿ ತರಿಯ ಉಂಡೆಯನ್ನು ಮುರಿದು ಅದರಲ್ಲಿ ಅದ್ದಿದಾಗ ಕಡಂಬುಟ್ಟು ಯಾಕೆ ಅಷ್ಟು ಸಪ್ಪೆ ಇರುತ್ತದೆ ಎಂದು ಅರ್ಥವಾಯಿತು. ಸಾಕಿದ ಹಂದಿ, ಗೋಣಿಕೊಪ್ಪಲಿನಿಂದ ತಂದದ್ದು.

ಹೋಟೆಲಿನ ಮಾತು ಹೇಳಿದೆ. "ಬಂದವರು ಮೊದಲು ಕೇಳೋದೇ ಅದು, ಕಾಡುಹಂದಿ ಉಂಟಾ ಅಂತ" ಎಂದರು ಅಕ್ಕ. "ನಮ್ಮ ಹಿರಿಯರು ಬೇಟೆಗೆ ಹೋಗ್ತಿದ್ದದ್ದು ಹೌದು. ಅದು ಆಗ. ಈಗ ಕೇಳಿದವರಿಗೆ ನಾನು ಹೇಳೋದು, ನಿಮ್ಮ ಅಜ್ಜ ತಿಂದದ್ದನ್ನೆಲ್ಲ ನೀವು ಈಗಲೂ ತಿಂತೀರಾ ಅಂತ." ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ತಟ್ಟೆಯಲ್ಲಿದ್ದದ್ದು ನನಗೆ ಜೀವನದಲ್ಲೇ ಮೊದಲು, ಅವರಿಗೆ ಶನಿವಾರದ ರಾತ್ರಿ ಊಟ.

ಆಗಸ್ಟ್ 3, ಭಾನುವಾರ

ಕಕ್ಕಡ ಪದಿನೆಟ್ಟ್. ಕಕ್ಕಡದ ಹದಿನೆಂಟನೆಯ ದಿನ.

ಐದೂವರೆಗೆ ಎದ್ದು ಅಕ್ಕನ ಹಿಂದೆ ತೋಟದ ಅಂಚಿಗೆ ಹೋದೆವು. ಬೇಲಿಯ ಬದಿಗೆ ಒತ್ತಾಗಿ ಬೆಳೆದ ಗಿಡ, ನೋಡಲು ಏನೂ ವಿಶೇಷವಿಲ್ಲ. ಕೊಡವರು ಮದ್ದ್ ತೊಪ್ಪು ಎನ್ನುತ್ತಾರೆ, ಅರೆಭಾಷೆಯವರು ಆಟಿ ಸೊಪ್ಪು. ಸಸ್ಯಶಾಸ್ತ್ರದವರು ಅದಕ್ಕಿಟ್ಟ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಕಕ್ಕಡ ಶುರುವಾದಂದಿನಿಂದ ದಿನಕ್ಕೊಂದರಂತೆ ಅದರಲ್ಲಿ ಮದ್ದು ಸೇರುತ್ತಾ ಬಂದು ಈ ದಿನಕ್ಕೆ 18 ಬಗೆ ತುಂಬುತ್ತವೆ ಎಂಬುದು ಇಲ್ಲಿನವರ ನಂಬಿಕೆ. ಮದುವೆ ಮುಂಜಿ ಏನೂ ಇಲ್ಲದ, ಬರೀ ಕೆಸರು, ನಾಟಿ, ಜಿಗಣೆಗಳ ತಿಂಗಳು. ದಿನವಿಡೀ ಗದ್ದೆಯಲ್ಲಿ ನೆನೆದ ಮೈಗೆ ಬಿಸಿ ಕೊಡಲೆಂದೇ ಈ ತಿಂಗಳ ಊಟಗಳಿವೆ: ನಾಟಿಕೋಳಿ, ಹೊಳೆಯ ಏಡಿ, ಹುತ್ತದ ಅಣಬೆ, ಈ ಸೊಪ್ಪು.

ದಂಟು ಸಮೇತ ಕೊಯ್ದ ಸೊಪ್ಪನ್ನು ತೊಳೆದು ದೊಡ್ಡ ಪಾತ್ರೆಯ ನೀರಿಗೆ ಹಾಕಿ ಒಲೆಗಿಟ್ಟರು. ಹಸಿರು ಎಲೆ, ತಿಳಿ ನೀರು. ಮೊದಲ ಕುದಿ ಬರುವಾಗ ಅಂಚಿನಲ್ಲಿ ನಸುಗೆಂಪು. ನಾನು ಕಣ್ಣು ಕೀಳದೆ ನೋಡುತ್ತಿದ್ದೆ. ಕೆಂಪು ನೇರಳೆಯಾಯಿತು, ನೇರಳೆ ಗಾಢವಾಗಿ, ಸೌಟಿನಲ್ಲಿ ಎತ್ತಿದಾಗ ಜಂಬುನೇರಳೆ ಹಣ್ಣಿನ ರಸವೇ. ಅಡುಗೆಮನೆಯ ತುಂಬ ಒಂದು ಘಮ, ನನಗೆ ಗೊತ್ತಿರುವ ಯಾವುದಕ್ಕೂ ಹೋಲಿಸಲಾರೆ.

"ಬಣ್ಣ ಹಾಕಿಲ್ಲ ಅಲ್ವಾ ಆಂಟಿ?" ಎಂದ ನಮ್ಮ ಹುಡುಗ. ಗೋಬಿಯ ಗಾಡಿಗಳನ್ನು ನೋಡಿ ಬೆಳೆದವನಿಗೆ ಅಷ್ಟು ಬಣ್ಣದ ಊಟ ಎಂದರೆ ಅನುಮಾನವೇ ಮೊದಲು. ಅಕ್ಕ ಅವನ ಕೈಗೆ ಒಂದು ಎಲೆ ಕೊಟ್ಟು ಬಿಸಿನೀರಿನ ಲೋಟ ಮುಂದಿಟ್ಟರು. "ನೀನೇ ಹಾಕು." ಕೂತು ನೋಡಿದ, ನೀರು ನಿಧಾನಕ್ಕೆ ಬಣ್ಣ ಬಿಟ್ಟಿತು.

ಸೋಸಿದ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಆಯಿತು. ಅದೇ ನೀರಿನಲ್ಲಿ ಅಕ್ಕಿತರಿ ಬೇಯಿಸಿ ತಟ್ಟೆಗೆ ಸುರಿದು ಮದ್ದ್ ಪುಟ್ಟ್. ಅದಕ್ಕೆ ತುಪ್ಪ, ಜೇನುತುಪ್ಪ. ಅಕ್ಕ ಮೊದಲೇ ಎಚ್ಚರಿಸಿದರು: "ನಾಳೆ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗ್ತದೆ, ಹೆದರಬೇಡಿ. ಮದ್ದು ಮೈಗೆ ಹಿಡಿದಿದೆ ಅಂತ ಲೆಕ್ಕ."

ನಾವು ತಿನ್ನುತ್ತಿದ್ದಾಗ ಅಕ್ಕನಿಗೆ ಯಾರದೋ ಫೋನು ಬಂತು. ಡಿಸೆಂಬರಿನಲ್ಲಿ ಐವತ್ತು ಜನರ ತಂಡ ಕರೆತರುತ್ತಾರಂತೆ, ಆ ನೇರಳೆ ಪಾಯಸ ಬೇಕೇ ಬೇಕಂತೆ, ಎಷ್ಟಾದರೂ ಕೊಡುತ್ತಾರಂತೆ. ಅಕ್ಕ ಸಾವಧಾನವಾಗಿ ಹೇಳಿದರು, "ಡಿಸೆಂಬರಿನಲ್ಲಿ ಗಿಡ ಇರ್ತದೆ, ಮದ್ದು ಇರೋದಿಲ್ಲ. ಆಗ ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರ್ತದೆ. ತಂಬುಟ್ಟು ಮಾಡಿ ಕೊಡ್ತೇನೆ, ಬಾಳೆಹಣ್ಣು, ಹುರಿದ ಅಕ್ಕಿಹಿಟ್ಟು, ಎಳ್ಳು, ಕಾಯಿ. ಅದು ಬೇಕಾದರೆ ಬನ್ನಿ." ಆ ಕಡೆಯವರಿಗೆ ಬೇಕಾದದ್ದು ನೇರಳೆ ಬಣ್ಣ. ಮಾತು ಅಲ್ಲಿಗೇ ಮುಗಿಯಿತು.

ಕಷ್ಟ ಇಲ್ಲಿದೆ ಅನ್ನಿಸುತ್ತದೆ ನನಗೆ. ಹೊಸ ರುಚಿಗೆ ಆಸೆಪಡುವುದು ತಪ್ಪಲ್ಲ, ಆ ಆಸೆ ಇಲ್ಲದಿದ್ದರೆ ನಾನೇ ಇಲ್ಲಿಗೆ ಬರುತ್ತಿರಲಿಲ್ಲ. ಆದರೆ ಈ ಊಟಗಳೆಲ್ಲ ಕಾಯಿಸುತ್ತವೆ. ಕಣಿಲೆ ಮೂರು ದಿನ ಕಾಯಿಸುತ್ತದೆ, ಮದ್ದು ಸೊಪ್ಪು ಒಂದು ವರ್ಷ. ನಮಗೆ ಸಿಗುವುದು ಎರಡು ದಿನದ ರಜೆ. ಕಾಯಲಾರದವರ ಮುಂದೆ ಯಾರೋ ಟೊಮೆಟೊ ವಿನೆಗರಿನ ತಟ್ಟೆ ತಂದಿಡುತ್ತಾರೆ, ಅದರ ವಿಡಿಯೋ ನೋಡಿ ಇನ್ನೂ ನೂರು ಜನ ಬರುತ್ತಾರೆ. ಅಕ್ಕನಂಥವರು ಎಷ್ಟು ಸಲ ಫೋನಿನಲ್ಲಿ ಇಲ್ಲ ಎನ್ನಬಲ್ಲರು? ತೋಟದ ಕೂಲಿ, ಹೆಂಚಿನ ರಿಪೇರಿ ಎಲ್ಲ ಆ ಹೋಮ್‌ಸ್ಟೇಯ ದುಡ್ಡಿನಿಂದಲೇ ನಡೆಯಬೇಕು ಎಂದು ಅವರೇ ಹೇಳಿದ್ದರು.

ಮಧ್ಯಾಹ್ನದ ನಂತರ ಮಳೆ ಹೊರಗೆ ಕಾಲಿಡಲು ಬಿಡಲಿಲ್ಲ. ಎಂಟು ಗಂಟೆಗೆ ಕರೆಂಟು ಹೋಯಿತು. ಮಲಗಿದೆವು.

ಆಗಸ್ಟ್ 4, ಸೋಮವಾರ

ಅಕ್ಕ ಹೇಳಿದ್ದು ನಿಜವಾಯಿತು, ಹುಡುಗ ಮೊದಲೇ ಗೊತ್ತಿದ್ದೂ ಗಾಬರಿಯಾಗಿ ಬಂದ.

ಹೊರಡುವಾಗ ಅಕ್ಕ ಒಂದು ಸಣ್ಣ ಬಾಟಲಿ ಕಾಚಂಪುಳಿ ಕೊಟ್ಟರು. ನಮ್ಮ ಕಣಿಲೆಯ ಬಿಲ್ಲೆಗಳಿಗೆ ಬೆಳಗಿನ ನೀರು ಬದಲಿಸಿ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ತುಂಬಿದರು. ಉಳಿದುಕೊಂಡದ್ದಕ್ಕೆ ದುಡ್ಡು ತೆಗೆದುಕೊಂಡರು, ಬಾಟಲಿಗೆ ಎಷ್ಟು ಹೇಳಿದರೂ ಇಲ್ಲ.

ಕುಶಾಲನಗರದಲ್ಲಿ ಕಾವೇರಿ ದಾಟಿದರೆ ಮೈಸೂರು ಜಿಲ್ಲೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಇಳಿದೆವು. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ರಾಜ್ಯ ಸರ್ಕಾರ ಜಾಗ ಕೊಟ್ಟು 1961ರಲ್ಲಿ ಶುರುವಾದ ನೆಲೆ. ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧರ ಮುಂದೆ ಜನಜಂಗುಳಿ. ಹೊರಗಿನ ಸಣ್ಣ ಹೋಟೆಲೊಂದರಲ್ಲಿ ತುಕ್ಪಾ ಎಂಬ ನೂಡಲ್ ಸೂಪು ಕುಡಿದೆವು, ಮೊಮೊ ತಿಂದೆವು. ಮೊಮೊ ಬೆಂಗಳೂರಿನ ಮೂಲೆ ಮೂಲೆಯಲ್ಲೂ ಸಿಗುತ್ತದೆ, ಹುಡುಗ ಅದಕ್ಕೆ ಫೋನು ತೆಗೆಯಲೂ ಇಲ್ಲ. ಆದರೆ ಈ ಸಲ ಅವನಾಗಿಯೇ ಕೇಳಿದ: "ಅಮ್ಮ, ಇವತ್ತು ನಿಮ್ಮ ಮನೇಲಿ ಏನು ಅಡುಗೆ?"

ಅಂಗಡಿಯ ಹೆಂಗಸು ಅವನ ಮುಖ ನೋಡಿದರು. "ಮನೇಲಾ? ಅನ್ನ, ಬೇಳೆಸಾರು. ನಾನು ಇಲ್ಲೇ ಹುಟ್ಟಿದ್ದು" ಎಂದು ಅಚ್ಚ ಕನ್ನಡದಲ್ಲಿ ಹೇಳಿ, ಒಳಗೆ ಹೋಗಿ ಒಂದು ಡಬ್ಬಿ ತಂದರು. ಅದರಲ್ಲಿ ತ್ಸಂಪಾ, ಹುರಿದ ಬಾರ್ಲಿಯ ಹಿಟ್ಟು. ಅವರ ತಾಯಿಗೆ ಬೆಳಿಗ್ಗೆ ಬೆಣ್ಣೆ ಹಾಕಿದ ಉಪ್ಪು ಚಹಾದಲ್ಲಿ ಅದನ್ನು ಕಲಸಿ ತಿಂದರೇ ಸಮಾಧಾನವಂತೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ನನ್ನ ಅಜ್ಜಿ ಬೆಲ್ಲ ಕಲಸಿ ಉಂಡೆ ಕಟ್ಟಿ ಕೊಡುತ್ತಿದ್ದ ಹುರಿಹಿಟ್ಟು ನೆನಪಾಗಿ ಗಂಟಲು ಕಟ್ಟಿತು. ಅವರಿಗೆ ಹೇಳಿದೆ. "ನಿಮ್ಮಲ್ಲೂ ಮಾಡ್ತಾರಾ?" ಎಂದು ಅವರು ಕುರ್ಚಿ ಎಳೆದು ಕೂತರು. ಮೈಸೂರಿನ ಬಸ್ಸೊಂದು ತಪ್ಪಿತು.

ಮೈಸೂರಿನಲ್ಲಿ ಹುಡುಗ ಬೆಂಗಳೂರಿನ ಬಸ್ಸು ಹತ್ತಿದ, ನಾನು ದಾವಣಗೆರೆಯದು. ರಾತ್ರಿ ಹನ್ನೊಂದೂವರೆಗೆ ಮನೆ ಸೇರಿದವಳು ಚೀಲ ಬಿಚ್ಚುವ ಮೊದಲು ಡಬ್ಬಿ ತೆರೆದೆ. ಹುಳಿವಾಸನೆ ಅಡುಗೆಮನೆಗೆಲ್ಲ ಹರಡಿತು, ಮಲಗಿದ್ದ ಮನೆಯವರು ಎದ್ದು ಬಂದು "ಏನದು?" ಎಂದರು. ನೀರು ಚೆಲ್ಲಿ, ಬಿಲ್ಲೆಗಳನ್ನು ಎರಡು ಸಲ ತೊಳೆದು, ಹೊಸ ನೀರು ಹೊಯ್ದೆ. ಫೋನಿನಲ್ಲಿ ಹುಡುಗನ ಮೆಸೇಜು ಬಂದಿತ್ತು.

"ಅತ್ತೆ, ನೀರು ಬದಲಿಸಿದ್ರಾ?"

"ಈಗ ತಾನೆ. ನಾಳೆ ಸಂಜೆ ಬೇಯಿಸ್ತೀನಿ."